ಕೊಡಲಿ ಏಟು, ಪಿಸ್ತೂಲಿನ ಗುಂಡು

"ಕೊಲ್ಲಬೇಕಂದಾಂವ ಕೊಲ್ಲತಾನ್ರೀ. ಪಿಸ್ತೂಲ್ ಇಲ್ಲಂದ್ರ ಕೊಡ್ಲಿ ತರ್ತಾನ." ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಚಹಾದಂಗಡಿಯಲ್ಲಿ, ಬಂದೂಕಿನ ಕಾಯ್ದೆ ದಂಡ ಅನ್ನುವ ಈ ಮಾತು ಕೇಳಿದಾಗಲೆಲ್ಲ ನನಗೆ ಸುಮ್ನೆ ಕೂರಲು ಆಗುವುದಿಲ್ಲ.

ಕೊಡಲಿ ತರುತ್ತಾನೆ, ನಿಜ. ಬದುವಿನ ಜಗಳ ಬಂದೂಕಿನ ಕಾಯ್ದೆಗೆ ಹೆದರಿ ನಿಲ್ಲುವುದಿಲ್ಲ. ನಾನು ಕೇಳುವುದಿಷ್ಟೇ: ಏಟು ತಿಂದವರಲ್ಲಿ ಎಷ್ಟು ಜನ ಬದುಕಿ ಮನೆಗೆ ಬರುತ್ತಾರೆ?

ಫ್ರಾಂಕ್ಲಿನ್ ಜಿಮ್ರಿಂಗ್ ಎಂಬ ಅಮೆರಿಕದ ಕಾನೂನು ಪ್ರಾಧ್ಯಾಪಕರು 1960ರ ದಶಕದಲ್ಲಿ ಶಿಕಾಗೋ ಪೊಲೀಸರ ದಾಖಲೆ ಹರಡಿಕೊಂಡು ಇದನ್ನೇ ಲೆಕ್ಕ ಹಾಕಿದರು. ಚಾಕು ಇರಿತಕ್ಕಿಂತ ಗುಂಡೇಟಿನಲ್ಲಿ ಸಾವು ಸುಮಾರು ಐದು ಪಟ್ಟು ಜಾಸ್ತಿ. ಬಂದೂಕು ಹಿಡಿದವನ ಹಗೆಯೇ ದೊಡ್ಡದಿರಬಹುದು ಅಂತೀರಾ? ಅದಕ್ಕೂ 1972ರಲ್ಲಿ ಉತ್ತರ ಕೊಟ್ಟರು. ಈ ಸಲ ಬಂದೂಕಿಗೆ ಬಂದೂಕನ್ನೇ ಹೋಲಿಸಿದರು. .22 ಕ್ಯಾಲಿಬರಿನ ಸಣ್ಣ ಗುಂಡಿಗಿಂತ .38ರ ದಪ್ಪ ಗುಂಡು ತಗುಲಿದವರಲ್ಲಿ ಸಾವಿನ ಪ್ರಮಾಣ ದುಪ್ಪಟ್ಟು ದಾಟಿತ್ತು. ಗುಂಡಿನ ದಪ್ಪ ಅಳೆದು ಯಾರೂ ಸಿಟ್ಟಾಗುವುದಿಲ್ಲ, ಅಲ್ವಾ?

ಗುಂಡಿನ ಗುಟ್ಟು ವೇಗದಲ್ಲಿದೆ. ಪಿಸ್ತೂಲಿನ 9 ಎಂಎಂ ದಪ್ಪದ ಗುಂಡು ತೂಗುವುದು ಅರ್ಧ ತೊಲಕ್ಕಿಂತ ತುಸು ಜಾಸ್ತಿ, ಒಂದು ದಪ್ಪ ಉಂಗುರದಷ್ಟು. ಓಟ ಮಾತ್ರ ಸೆಕೆಂಡಿಗೆ ಸುಮಾರು 350 ಮೀಟರ್, ಹೆಚ್ಚುಕಡಿಮೆ ಶಬ್ದದ ವೇಗ. ಗೋಲಗುಂಬಜದ ಗ್ಯಾಲರಿಯಲ್ಲಿ ನೀವು ಪಿಸುಗುಟ್ಟಿದ್ದು ಎದುರಿನವರ ಕಿವಿಗೆ ಬೀಳುವಷ್ಟರಲ್ಲಿ ಗುಂಡೂ ಅಲ್ಲಿ ಮುಟ್ಟಿರುತ್ತದೆ. ವೇಗ ದುಪ್ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಈ ಒಂದು ಗುಂಡಿನ ಏಟು ಅಂದರೆ ಗಂಟೆಗೆ 140 ಕಿ.ಮೀ. ವೇಗದ ನಾಲ್ಕು ಕ್ರಿಕೆಟ್ ಚೆಂಡುಗಳು ಒಟ್ಟಿಗೆ ಬಂದು ಕಡಲೆ ಕಾಳಿನಷ್ಟು ಜಾಗಕ್ಕೆ ಬಡಿದಂತೆ. ಕೊಡಲಿಯವನು ಹತ್ತಿರ ಬರಬೇಕು, ಎತ್ತಬೇಕು. ಅಷ್ಟರಲ್ಲಿ ಓಡಬಹುದು, ನಾಲ್ಕು ಜನ ಅವನ ರಟ್ಟೆ ಹಿಡಿಯಬಹುದು. ಹೊರಟ ಗುಂಡಿಗೆ ರಟ್ಟೆ ಇಲ್ಲ.

ಆಯುಧದ ಕಾಯ್ದೆ ಅಂದರೆ ನಮ್ಮ ಭಾಗದಲ್ಲಿ ಹಳೆಯ ಗಾಯವೂ ಇದೆ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಜಗ್ಗಲಿಲ್ಲ. ಊರಿಗೇ ಬೆಂಕಿ ಬಿತ್ತು, ಹಲವರನ್ನು ಗಲ್ಲಿಗೇರಿಸಿದರು. ಆ ಲಾವಣಿ ಕೇಳಿದರೆ ನನಗೂ ಮೈ ಜುಮ್ಮೆನ್ನುತ್ತದೆ. ಆದರೆ ಅದು ಜನರ ಸೊಂಟ ಮುರಿಯಲು ಪರದೇಶದವರು ತಂದ ಕಾನೂನು. 1959ರ ನಮ್ಮ ಆಯುಧ ಕಾಯ್ದೆಯನ್ನು ಅದೇ ಗೂಟಕ್ಕೆ ಕಟ್ಟಬಾರದು.

ಹಾಗಂತ ಕಾಯ್ದೆ ಮಂತ್ರದಂಡವೂ ಅಲ್ಲ. ಆಸ್ಟ್ರೇಲಿಯಾದ ಪೋರ್ಟ್ ಆರ್ಥರ್‌ನಲ್ಲಿ 1996ರಲ್ಲಿ ಒಬ್ಬನೇ 35 ಜನರನ್ನು ಗುಂಡಿಟ್ಟು ಕೊಂದ. ಆಮೇಲೆ ಸರಕಾರ ದುಡ್ಡು ಕೊಟ್ಟು ಸುಮಾರು 6.5 ಲಕ್ಷ ಬಂದೂಕು ವಾಪಸ್ ಪಡೆಯಿತು. ಬಂದೂಕಿನ ಆತ್ಮಹತ್ಯೆಗಳು ಇಳಿದವು. ಕೊಲೆಗಳು ಮಾತ್ರ ಮೊದಲೇ ಇಳಿಯುತ್ತಿದ್ದವು. ಅದರಲ್ಲಿ ಕಾಯ್ದೆಯ ಪಾಲೆಷ್ಟು ಅಂತ ತಜ್ಞರು ಇನ್ನೂ ಹಗ್ಗ ಜಗ್ಗುತ್ತಾರೆ.

ನಮ್ಮ ತಲೆನೋವು ಬೇರೆ. ಚುನಾವಣೆ ಬಂದರೆ ಬೆಳೆ ಕಾಯುವ ರೈತ ತನ್ನ ಲೈಸೆನ್ಸ್ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ತರುತ್ತಾನೆ. ಭೀಮಾ ತೀರದ ಕಂಟ್ರಿ ಪಿಸ್ತೂಲು ಯಾವ ರಿಜಿಸ್ಟರಿನಲ್ಲೂ ಇಲ್ಲ. ಅದು ಆ ದಿನವೂ ಸೊಂಟದಲ್ಲೇ ಇರುತ್ತದೆ.