ಹದಿನೈದು ದಿನದ ಮಕ್ಕಳ ಸೇವೆಗೆ ಮಗಳನ್ನು ವಿದೇಶಕ್ಕೆ ಕಳಿಸಬಹುದಾ?

ಓದುಗರ ಪ್ರಶ್ನೆ: ನಾವು ಮೂಡಿಗೆರೆ ಕಡೆಯವರು. ನಮ್ಮ ಚರ್ಚಿನ ಸಭೆಯಿಂದ ಕಾಂಬೋಡಿಯಾದ ಒಂದು ಮಕ್ಕಳ ಮನೆಗೆ ಪ್ರತಿ ತಿಂಗಳು ಕಾಣಿಕೆ ಹೋಗುತ್ತದೆ. ಡಿಗ್ರಿ ಮುಗಿಸಿದ ನನ್ನ ಮಗಳು ಹದಿನೈದು ದಿನ ಅಲ್ಲಿಗೆ ಹೋಗಿ ಅನಾಥ ಮಕ್ಕಳ ಸೇವೆ ಮಾಡಿ ಬರುತ್ತೇನೆ ಅನ್ನುತ್ತಿದ್ದಾಳೆ. ಕಳಿಸಬಹುದಾ?

ಹದಿನೈದು ದಿನಕ್ಕಾದರೆ ಬೇಡ ಅಂತಲೇ ಹೇಳುತ್ತೇನೆ. ಮಗಳ ಮನಸ್ಸು ಒಳ್ಳೆಯದು, ಅದಕ್ಕೆ ತಣ್ಣೀರು ಎರಚಬೇಡಿ. ಆದರೆ ಈ ಪ್ರಶ್ನೆಯನ್ನು ಚಿಕ್ಕಮಗಳೂರು, ಹಾಸನದ ಬೇರೆ ಸಭೆಗಳವರೂ ಕೇಳುತ್ತಿರುತ್ತಾರೆ, ಹಾಗಾಗಿ ಬೇಡ ಅನ್ನುವುದು ಯಾಕೆ ಅಂತ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ಮೊದಲು ನೋಡಬೇಕಾದ್ದು, ಆ ಮಕ್ಕಳು ನಿಜವಾಗಿ ಅನಾಥರಾ ಅನ್ನುವುದು. ಕಾಂಬೋಡಿಯಾದಲ್ಲಿ 2005ರಿಂದ 2010ರ ಒಳಗೆ ಮಕ್ಕಳ ಮನೆಗಳ ಸಂಖ್ಯೆ ಶೇಕಡಾ 75ರಷ್ಟು ಏರಿತು ಅಂತ ಯುನಿಸೆಫ್ ಹೇಳಿದೆ. ಆ ಹೊತ್ತಿಗೆ ಅಲ್ಲಿ ಯುದ್ಧ ಮುಗಿದು ವರ್ಷಗಳೇ ಆಗಿದ್ದವು. ಆ ಮನೆಗಳಲ್ಲಿದ್ದ ಮಕ್ಕಳಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳಿಗೆ ತಾಯಿಯೋ ತಂದೆಯೋ ಬದುಕಿದ್ದರು. ಮತ್ತೆ ಮನೆಗಳು ಹೆಚ್ಚಿದ್ದು ಯಾಕೆ? ಹೊರಗಿನಿಂದ ಹಣ ಬಂತು, ನೋಡಲು ಜನ ಬಂದರು. ಊಟ, ಇಂಗ್ಲಿಷ್ ಪಾಠ ಎರಡೂ ಅಲ್ಲಿ ಸಿಗುತ್ತೆ ಅಂದಾಗ ಹಳ್ಳಿಯ ಬಡವರು ಮಗುವನ್ನು ತಂದು ಬಿಟ್ಟರು.

ಇದು ನಮಗೆ ಅರ್ಥವಾಗದ ವಿಷಯ ಏನಲ್ಲ. ನಮ್ಮ ಕಡೆ ಕಾಫಿ ತೋಟದ ಲೈನ್ ಮನೆಯಲ್ಲಿರುವ ಎಷ್ಟೋ ಜನ ಮಗು ಓದಲಿ ಅಂತ ಹಾಸ್ಟೆಲ್‌ಗೆ ಸೇರಿಸುತ್ತಾರೆ, ಹಬ್ಬಕ್ಕೆ ಕರೆದುಕೊಂಡು ಬರುತ್ತಾರೆ, ಬಿಡುವಾದಾಗ ಹೋಗಿ ಮಾತಾಡಿಸಿ ಬರುತ್ತಾರೆ. ಆ ಮಗುವಿನ ಫೋಟೋ ತೆಗೆದು ಕೆಳಗೆ "ಅನಾಥ" ಅಂತ ಬರೆದು ಯಾವುದೋ ದೇಶದಲ್ಲಿ ಹಣ ಎತ್ತಿದರೆ ಆ ತಾಯಿಗೆ ಹೇಗಾಗಬೇಡ?

ಇನ್ನು ಹದಿನೈದು ದಿನದ ವಿಷಯ. ಇಂಥ ಮನೆಗಳಿಗೆ ಹೋಗಿ ಬಂದವರು ಒಂದು ಮಾತು ಹೇಳೇ ಹೇಳುತ್ತಾರೆ: "ಗೇಟು ದಾಟುತ್ತಲೇ ಮಕ್ಕಳು ಓಡಿ ಬಂದು ತಬ್ಬಿಕೊಂಡವು, ಕೈ ಬಿಡಲೇ ಇಲ್ಲ." ಅದನ್ನು ಕೇಳಿ ನಮ್ಮ ಕಣ್ಣು ತುಂಬುತ್ತದೆ. ಆದರೆ ಮನೆಯಲ್ಲಿ ಬೆಳೆದ ಮೂರು ವರ್ಷದ ಮಗು ಹೊಸಬರನ್ನು ಕಂಡರೆ ಏನು ಮಾಡುತ್ತೆ? ಅಮ್ಮನ ಸೆರಗಿನ ಹಿಂದೆ ಹೋಗುತ್ತೆ, ಅಲ್ವಾ? ಯಾರು ಬಂದರೂ ತೊಡೆ ಏರುವ ಮಗುವಿಗೆ ತನ್ನವರು ಅಂತ ಒಬ್ಬರು ಗಟ್ಟಿಯಾಗಿ ಸಿಕ್ಕಿಲ್ಲದೆ ಇರಬಹುದು. ರೊಮೇನಿಯಾದಲ್ಲಿ 1989ರಲ್ಲಿ ಸರ್ವಾಧಿಕಾರಿ ಚೌಷೆಸ್ಕು ಆಡಳಿತ ಬಿದ್ದಾಗ ಲಕ್ಷಕ್ಕೂ ಜಾಸ್ತಿ ಮಕ್ಕಳು ಸರ್ಕಾರಿ ಮಕ್ಕಳ ಮನೆಗಳಲ್ಲಿದ್ದರು. ಮುಂದೆ ಬುಕಾರೆಸ್ಟ್ ನಗರದಲ್ಲಿ ಅಂಥ 136 ಎಳೆಯ ಮಕ್ಕಳನ್ನು ಆಯ್ದು, ಅರ್ಧ ಜನರನ್ನು ಸಾಕು ಕುಟುಂಬಗಳಿಗೆ ಕೊಟ್ಟು, ವರ್ಷಗಟ್ಟಲೆ ಅಧ್ಯಯನ ಮಾಡಿದರು. ಕುಟುಂಬಕ್ಕೆ ಹೋದ ಮಕ್ಕಳು ಚೇತರಿಸಿಕೊಂಡರು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರು ಹೆಚ್ಚು. ಮಗುವಿಗೆ ಬೇಕಾಗಿದ್ದು ಬಿಟ್ಟುಹೋಗದ ಒಬ್ಬರು. ನಿಮ್ಮ ಮಗಳು ಹದಿನೈದು ದಿನ ಎತ್ತಿ ಆಡಿಸಿ, ಅತ್ತು, ವಿಮಾನ ಹತ್ತುತ್ತಾಳೆ. ಮುಂದಿನ ತಿಂಗಳು ಇನ್ನೊಬ್ಬರು. ಹೀಗೆ ಬಿಟ್ಟುಹೋಗುವವರನ್ನು ಆ ಮಗು ಎಷ್ಟು ಸಲ ನೋಡಬೇಕು?

ಒಳ್ಳೆಯ ಮನಸ್ಸು ಒಂದಿದ್ದರೆ ಸಾಲದು ಅನ್ನುವುದಕ್ಕೆ ಹೈಟಿ ಸಾಕ್ಷಿ. 2010ರ ಜನವರಿಯ ಭೂಕಂಪದ ನಂತರ ಅಮೆರಿಕದ ಚರ್ಚುಗಳ ಹತ್ತು ಜನ 33 ಮಕ್ಕಳನ್ನು ಬಸ್ಸಿನಲ್ಲಿ ಗಡಿ ದಾಟಿಸಲು ಹೋಗಿ ಸಿಕ್ಕಿಬಿದ್ದರು. ಆ ಮಕ್ಕಳಲ್ಲಿ ಬಹುಪಾಲು ಜನರಿಗೆ ಹೆತ್ತವರಿದ್ದರು. ಚೆನ್ನಾಗಿ ಓದಿಸುತ್ತಾರೆ ಅಂತ ನಂಬಿ ಅವರೇ ಕೈಗೆ ಕೊಟ್ಟಿದ್ದರು.

ಹಾಗಾದರೆ ದೂರದ ಮಕ್ಕಳಿಗೆ ಏನೂ ಮಾಡಬಾರದಾ? ಖಂಡಿತ ಮಾಡಬೇಕು. ದಿಕ್ಕಿಲ್ಲದವರನ್ನು ನೋಡಿಕೊಳ್ಳುವುದೇ ಶುದ್ಧ ಭಕ್ತಿ ಅಂತ ಬೈಬಲಿನಲ್ಲಿ ಯಾಕೋಬನು ಬರೆದಿದ್ದಾನೆ, ನಾನೂ ಅದನ್ನು ನಂಬಿದವನು. ನಮ್ಮ ಜಿಲ್ಲೆಯ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯನ್ನು ನೋಡಿ. ಬರಗಾಲದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡವರು ಅವರು. ಮುಂದೆ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿ ಬರದಲ್ಲಿ ಬೀದಿಪಾಲಾದ ಹೆಂಗಸರನ್ನೂ ಹೆಣ್ಣುಮಕ್ಕಳನ್ನೂ ಕಾಪಾಡಿದರು. ಅದಕ್ಕೂ ಮೊದಲು, ಅವರ ಕೆಲಸಕ್ಕೆ ಅಂತಲೇ 1887ರಲ್ಲಿ ಬಾಸ್ಟನ್ನಿನಲ್ಲಿ ಒಂದು ಸಂಘ ಕಟ್ಟಿಕೊಂಡ ಜನ ಹತ್ತು ವರ್ಷ ಹಣ ಕಳಿಸುತ್ತೇವೆ ಅಂತ ಮಾತು ಕೊಟ್ಟಿದ್ದರು. ಹಣ ಹೊರಗಿನದು, ಆದರೆ ಇಲ್ಲಿನ ಭಾಷೆ, ಜಾತಿ, ಬರ ಎಲ್ಲ ಗೊತ್ತಿದ್ದ ಇಲ್ಲಿಯ ಹೆಂಗಸು ಮುಂದೆ ನಿಂತು ನಡೆಸಿದಳು. ನೀವೂ ಹಾಗೆ ಮಾಡಬಹುದು.

ನಿಮ್ಮ ಸಭಾಪಾಲಕರ ಮೂಲಕ ಆ ಮನೆಯವರಿಗೆ ಒಂದು ಪತ್ರ ಬರೆಯಿಸಿ. ಎಷ್ಟು ಮಕ್ಕಳಿಗೆ ತಂದೆ ತಾಯಿ ಇದ್ದಾರೆ, ಅವರು ಬಂದು ನೋಡಿ ಹೋಗುತ್ತಾರಾ, ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ವಾಪಸ್ ಹೋದರು, ಹೊರಗಿನವರನ್ನು ಮಕ್ಕಳ ಹತ್ತಿರ ಬಿಡುವ ಮೊದಲು ಏನು ವಿಚಾರಿಸುತ್ತಾರೆ, ಇಷ್ಟು ಕೇಳಿ. ಒಳ್ಳೆಯ ಕೆಲಸ ಮಾಡುವವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಉತ್ತರದ ಬದಲು ಸುಮ್ನೆ ಇನ್ನಷ್ಟು ಫೋಟೋ ಬಂದರೆ ಯೋಚನೆ ಮಾಡಿ. ಆದರೂ ಕಾಣಿಕೆಯನ್ನು ಒಂದೇ ಸಲ ನಿಲ್ಲಿಸಬೇಡಿ, ಉಪವಾಸ ಬೀಳುವುದು ಮಕ್ಕಳೇ. ಮಕ್ಕಳನ್ನು ಹೆತ್ತವರ ಬಳಿಗೋ ಅಜ್ಜಿ ಮನೆಗೋ ಸಾಕು ಕುಟುಂಬಕ್ಕೋ ಸೇರಿಸಲು, ಆಮೇಲೂ ಅವರ ಅಕ್ಕಿಗೆ, ಫೀಸಿಗೆ ಈ ಹಣ ಬಳಸುತ್ತೀರಾ ಅಂತ ಕೇಳಿ. ರುವಾಂಡಾದಲ್ಲಿ 2012ರಿಂದ ಸರ್ಕಾರವೇ ಮಕ್ಕಳನ್ನು ಹೀಗೆ ಕುಟುಂಬಗಳಿಗೆ ಸೇರಿಸುತ್ತಾ ಬಂದಿದೆ.

ಮಗಳಿಗೆ ಹೋಗಲೇಬೇಕು ಅನ್ನಿಸಿದರೆ ನರ್ಸಿಂಗ್ ಆಗಲಿ, ಅಂಗವಿಕಲ ಮಕ್ಕಳ ಶಿಕ್ಷಣ ಆಗಲಿ, ಒಂದು ಕೆಲಸ ಕಲಿಯಲಿ. ಅಲ್ಲಿನ ಖ್ಮೇರ್ ಭಾಷೆ ಕಲಿಯಲಿ. ವರ್ಷಗಟ್ಟಲೆ ಇರುವ ಹಾಗೆ ಹೋಗಲಿ, ಅಲ್ಲಿನ ಸಿಬ್ಬಂದಿಗೆ ಹೇಳಿಕೊಡುವ ಕೆಲಸಕ್ಕೆ ಹೋಗಲಿ. ಅಷ್ಟರವರೆಗೆ ಆ ಟಿಕೆಟ್ ದುಡ್ಡನ್ನು ಅಲ್ಲಿನ ಯಾವುದಾದರೂ ಒಂದು ತಾಯಿ ತನ್ನ ಮಗುವನ್ನು ಮನೆಯಲ್ಲೇ ಇಟ್ಟುಕೊಂಡು ಓದಿಸುವುದಕ್ಕೆ ಕಳಿಸಿ.