ಅಶೋಕ ನಿಜವಾಗ್ಲೂ 99 ಜನ ಅಣ್ಣತಮ್ಮಂದಿರನ್ನ ಕೊಂದಿದ್ನಾ?

ಪ್ರಶ್ನೆ: ಸರ್, ಪಟ್ಟಕ್ಕೆ ಬರೋಕೆ ಅಶೋಕ 99 ಜನ ಅಣ್ಣತಮ್ಮಂದಿರನ್ನ ಕೊಂದ ಅಂತಾರಲ್ಲ, ನಿಜಾನಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರ್ದಿದೀನೋ ಲೆಕ್ಕ ಇಟ್ಟಿಲ್ಲ. ಆದ್ರೂ ಇನ್ನೊಂದ್ಸಲ ಪೂರ್ತಿಯಾಗೇ ಹೇಳ್ತೀನಿ, ದಯವಿಟ್ಟು ಕೊನೇವರೆಗೂ ಓದಿ. ಅಶೋಕನ ಅಪ್ಪ ಬಿಂದುಸಾರ ಸತ್ತ ಮೇಲೆ ಪಟ್ಟಕ್ಕೆ ಜಗಳ ಆಗಿರೋ ಸಾಧ್ಯತೆ ಜಾಸ್ತಿನೇ ಇದೆ. 99 ಕೊಲೆ ಮಾತ್ರ ಕಥೆ.

ಈ ನಂಬರ್ ಬಂದಿದ್ದು ಶ್ರೀಲಂಕಾದ ಪಾಲಿ ಭಾಷೆಯ ಬೌದ್ಧ ಗ್ರಂಥಗಳಿಂದ. ಅದ್ರಲ್ಲಿ ಮಹಾವಂಸ ಬರೆದಿದ್ದು ಅಶೋಕ ಹೋಗಿ ಹತ್ರತ್ರ ಏಳು ಶತಮಾನ ಆದ್ಮೇಲೆ. ಅದ್ರ ಪ್ರಕಾರ ಬಿಂದುಸಾರನಿಗೆ 101 ಗಂಡುಮಕ್ಕಳು, ಅಶೋಕ ತನ್ನ ಒಡಹುಟ್ಟಿದ ತಿಸ್ಸ ಒಬ್ಬನ್ನ ಬಿಟ್ಟು ಉಳಿದೋರನ್ನೆಲ್ಲ ಮುಗಿಸಿದ. ಅದೇ ಸಂಸ್ಕೃತದ ಅಶೋಕಾವದಾನ ಅನ್ನೋ ಬೌದ್ಧ ಗ್ರಂಥ ತೆಗೆದ್ರೆ ಅಲ್ಲಿ ಸಾಯೋದು ಮುಖ್ಯವಾಗಿ ಒಬ್ಬನೇ, ಹಿರಿಯಣ್ಣ ಸುಸೀಮ, ಅವನನ್ನ ಮಂತ್ರಿ ರಾಧಾಗುಪ್ತ ಉಪಾಯ ಮಾಡಿ ಕೆಂಡದ ಗುಂಡಿಗೆ ಬೀಳಿಸ್ತಾನೆ. ಟಿಬೆಟ್‌ನ ಬೌದ್ಧ ಲೇಖಕ ತಾರಾನಾಥನ ಲೆಕ್ಕದಲ್ಲಿ ಆರು ಜನ. ಒಂದು, ಆರು, ತೊಂಬತ್ತೊಂಬತ್ತು, ಯಾವ್ದನ್ನ ನಂಬ್ತೀರಿ?

ಸರಿ, ಪುಸ್ತಕ ಪಕ್ಕಕ್ಕಿಡಿ, ಅಶೋಕನೇ ಕೆತ್ತಿಸಿದ ಕಲ್ಲು ನೋಡಿ. ಐದನೇ ಬಂಡೆ ಶಾಸನದಲ್ಲಿ, ಪಟ್ಟ ಆಗಿ 13 ವರ್ಷಕ್ಕೆ ಧರ್ಮ ಮಹಾಮಾತ್ರರನ್ನ, ಅಂದ್ರೆ ಧರ್ಮ ನೋಡ್ಕೊಳ್ಳೋ ಅಧಿಕಾರಿಗಳನ್ನ, ನೇಮಿಸಿದೆ, ಅವರು ಪಾಟಲಿಪುತ್ರದಲ್ಲೂ ಹೊರಗಿನ ಊರುಗಳಲ್ಲೂ ನನ್ನ ಅಣ್ಣತಮ್ಮಂದಿರ, ಅಕ್ಕತಂಗಿಯರ, ಬೇರೆ ನೆಂಟರ ಮನೆಗಳಲ್ಲೆಲ್ಲ ಕೆಲಸ ಮಾಡ್ತಿದಾರೆ ಅಂತಾನೆ. ಅವು ಸತ್ತೋರ ಹೆಂಡ್ತಿ ಮಕ್ಕಳ ಮನೆ ಇರಬಹುದಲ್ಲ ಅಂತ ಕೇಳೋರಿದಾರೆ, ಕೇಳ್ಬೇಕಾದ ಪ್ರಶ್ನೆನೇ. ಆದ್ರೆ 99 ಜನರ ರಕ್ತ ಕೈಗೆ ಅಂಟಿರೋ ರಾಜ ಅಣ್ಣತಮ್ಮಂದಿರ ಮನೆ ಅಂತ ಊರೂರಲ್ಲಿ ಬಂಡೆ ಮೇಲೆ ಬರೆಸ್ತಾನಾ? ನನಗಂತೂ ಒಪ್ಪೋಕಾಗಲ್ಲ.

ಮತ್ತೆ ಈ ಕಥೆ ಯಾಕೆ ಹುಟ್ತು? ಇಲ್ಲೇ ಇರೋದು ಸ್ವಾರಸ್ಯ. ಮಹಾವಂಸದಲ್ಲಿ ಅಶೋಕನ ಮನಸ್ಸನ್ನ ಬೌದ್ಧ ಧರ್ಮದ ಕಡೆ ತಿರುಗಿಸೋದು ಕಳಿಂಗ ಯುದ್ಧ ಅಲ್ಲ, ನಿಗ್ರೋಧ ಅನ್ನೋ ಪುಟ್ಟ ಸಾಮಣೇರ, ಅಂದ್ರೆ ಎಳೆ ಬೌದ್ಧ ಸನ್ಯಾಸಿ. ಅವನು ಯಾರು ಗೊತ್ತಾ, ಅಶೋಕ ಕೊಂದ ಅಂತ ಹೇಳೋ ಹಿರಿಯಣ್ಣ ಸುಮನನ ಮಗ (ಮಹಾವಂಸದಲ್ಲಿ ಹಿರಿಯಣ್ಣನ ಹೆಸರು ಸುಸೀಮ ಅಲ್ಲ, ಸುಮನ)! ಅಣ್ಣನ ಕೊಲೆ ಇಲ್ದಿದ್ರೆ ಆ ಕಥೆ ನಿಲ್ಲೋದೇ ಇಲ್ಲ. ಮೊದಲಿನ ಕ್ರೂರ ಚಂಡಾಶೋಕ ಎಷ್ಟು ಕಪ್ಪಗಿದ್ರೆ ಆಮೇಲಿನ ಧರ್ಮಾಶೋಕ ಅಷ್ಟು ಹೊಳೀತಾನೆ. ಅವನೇ 13ನೇ ಶಾಸನದಲ್ಲಿ ಒಪ್ಕೊಂಡಿರೋ ಪಾಪ ಬೇರೆ: ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ರು, ಒಂದೂವರೆ ಲಕ್ಷ ಜನರನ್ನ ಹಿಡಿದು ಸಾಗಿಸಿದ್ರು.

ಹಾಗಾದ್ರೆ ಜಗಳ ಆಗಿತ್ತು ಅಂತ ಯಾಕಂದೆ? ಅಧಿಕಾರ ಸಿಕ್ಕಿದ್ದಕ್ಕೂ ಪಟ್ಟಾಭಿಷೇಕಕ್ಕೂ ನಡುವೆ 4 ವರ್ಷದ ಗ್ಯಾಪ್ ಇದೆ, ಅಷ್ಟು ತಡ ಆಗಿದ್ದು ಪಟ್ಟದ ಜಗಳದಿಂದ ಇರಬಹುದು. ಇದೂ ಅದೇ ಮಹಾವಂಸದ ಮಾತೇ, ಆದ್ರೆ ಇದ್ರಿಂದ ಕಥೆಗೆ ಏನೂ ಲಾಭ ಇಲ್ಲ, ಅದಕ್ಕೇ ಇದನ್ನ ತಳ್ಳಿಹಾಕೋದು ಕಷ್ಟ.

ಅಶೋಕನ ನಂತರ ಯಾರು ಅಂತ ಮಾತ್ರ ಯಾರೂ ಕೇಳಲ್ಲ ನೋಡಿ. ಅದಕ್ಕೂ ಕಲ್ಲನ್ನೇ ಕೇಳೋಣ. ನಮ್ಮ ಚಿತ್ರದುರ್ಗ ಜಿಲ್ಲೆ ಬ್ರಹ್ಮಗಿರಿ ಶಾಸನ ಶುರುವಾಗೋದೇ ಸುವರ್ಣಗಿರಿಯಲ್ಲಿದ್ದ ರಾಜಕುಮಾರ, ಅಂದ್ರೆ 'ಅಯಪುತ', ಇಸಿಲ ಅನ್ನೋ ಊರಿನ ಅಧಿಕಾರಿಗಳಾದ ಮಹಾಮಾತ್ರರ ಆರೋಗ್ಯ ವಿಚಾರಿಸೋದ್ರಿಂದ, ಆಮೇಲೇ ರಾಜಾಜ್ಞೆ. ಕೊನೆಗೆ ಶಾಸನ ಬರೆದ ಲಿಪಿಕಾರ ಚಪಡನ ಸಹಿ. ಲಿಪಿಕಾರನ ಹೆಸರು ಉಳೀತು, ರಾಜಕುಮಾರನ ಹೆಸರು ಕಲ್ಲಲ್ಲಿಲ್ಲ. ಶಾಸನಗಳಲ್ಲಿ ಹೆಸರು ಸಿಗೋ ಮಗ ತೀವರ ಒಬ್ಬನೇ, ಪ್ರಯಾಗದ ಕಂಬದ ಮೇಲೆ, ರಾಣಿ ಕಾರುವಾಕಿಯ ಮಗ ಅಂತ. ಅವನು ಆಳಿದ ಅನ್ನೋಕೆ ಒಂದು ಅಕ್ಷರ ಇಲ್ಲ. ಬಿಹಾರದ ನಾಗಾರ್ಜುನಿ ಗುಹೆಗಳಲ್ಲಿ ಪಟ್ಟಾಭಿಷೇಕ ಆದ ಕೂಡ್ಲೇ ಆಜೀವಿಕ ಪಂಥದ ಸನ್ಯಾಸಿಗಳಿಗೆ ದಾನ ಕೊಟ್ಟೆ ಅಂತ ಬರೆಸಿರೋದು ದಶರಥ, ಪುರಾಣಗಳ ಪ್ರಕಾರ ಅಶೋಕನ ಮೊಮ್ಮಗ.