ದುಬಾರಿ ಸ್ಪೀಕರ್ ಕೇಬಲ್ ಹಾಕಿದರೆ ಧ್ವನಿ ಸುಧಾರಿಸುತ್ತದೆಯೇ?

ಪ್ರಶ್ನೆ: ಹೊಸದಾಗಿ ಆಂಪ್ಲಿಫೈಯರ್ ಮತ್ತು ಒಂದು ಜೊತೆ ಸ್ಪೀಕರ್ ಕೊಂಡಿದ್ದೇನೆ. ಮಾಮೂಲಿ ತಂತಿ ಸಾಲದು, ಆಮ್ಲಜನಕರಹಿತ ತಾಮ್ರದ ಕೇಬಲ್ ಹಾಕಿಸಿ, ಇಲ್ಲವಾದರೆ ಇಂಥ ಸ್ಪೀಕರ್ ಕೊಂಡದ್ದೇ ದಂಡ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಕೇಬಲ್‌ನ ಬೆಲೆ ಸ್ಪೀಕರ್‌ಗಳ ಅರ್ಧ ಬೆಲೆಯಷ್ಟಿದೆ. ಹಾಕಿಸಲೇ?

ಉತ್ತರ: ಬೇಡ. ಈ ಪ್ರಶ್ನೆಗೆ ಇದೇ ಉತ್ತರವನ್ನು ಬರೆದು ಬರೆದು ಸಾಕಾಗಿದೆ. ಆದರೂ ಪ್ರತಿ ವರ್ಷ ದೀಪಾವಳಿಯ ರಿಯಾಯಿತಿ ಮಾರಾಟ ಮುಗಿಯುವುದೇ ತಡ, ಇದು ಮತ್ತೆ ಬರುತ್ತದೆ. ಆದ್ದರಿಂದ ಈ ಸಲ ಲೆಕ್ಕಸಮೇತ ಹೇಳುತ್ತೇನೆ.

ಸ್ಪೀಕರ್ ತಂತಿಯಿಂದ ನಮಗೆ ಮುಖ್ಯವಾಗಿ ಬೇಕಾದದ್ದು ಇಷ್ಟೇ: ಅದರ ವಿದ್ಯುತ್ ರೋಧ ಸ್ಪೀಕರ್‌ನ ರೋಧಕ್ಕಿಂತ ತೀರಾ ಕಡಿಮೆ ಇರಬೇಕು. ಎಲೆಕ್ಟ್ರಿಷಿಯನ್‌ಗಳು ಒಂದೂವರೆ ಎಂಎಂ ಎನ್ನುವ ತಾಮ್ರದ ತಂತಿಗೆ, ಅಂದರೆ 1.5 ಚದರ ಮಿಲಿಮೀಟರಿನದಕ್ಕೆ, ಮೀಟರಿಗೆ ಸುಮಾರು 0.013 ಓಮ್ ರೋಧವಿರುತ್ತದೆ. ಸ್ಪೀಕರ್ 5 ಮೀಟರ್ ದೂರವಿದ್ದರೆ ವಿದ್ಯುತ್ತು ಹೋಗಿಬರುವ ದಾರಿ 10 ಮೀಟರ್. ಒಟ್ಟು ರೋಧ 0.13 ಓಮ್. 8 ಓಮ್‌ನ ಸ್ಪೀಕರಿಗೆ ಇದರಿಂದಾಗುವ ನಷ್ಟ 0.15 ಡೆಸಿಬೆಲ್ ಕೂಡ ಇಲ್ಲ. ಸ್ಪೀಕರ್ 4 ಓಮ್‌ನದಾಗಿದ್ದರೆ ಅಥವಾ ಹಜಾರ ದೊಡ್ಡದಾಗಿದ್ದರೆ ಎರಡೂವರೆ ಎಂಎಂ ಎಳೆಯಿರಿ, ಅಲ್ಲಿಗೆ ಮುಗಿಯಿತು.

ಇನ್ನು ಆಮ್ಲಜನಕರಹಿತ ತಾಮ್ರ. ಸಾಮಾನ್ಯ ವಿದ್ಯುತ್ ತಾಮ್ರದ ವಾಹಕತೆಯನ್ನು 100 ಎಂದಿಟ್ಟುಕೊಂಡರೆ ಇದರದು ಸುಮಾರು 101. ಬೆಳ್ಳಿ ತಾಮ್ರಕ್ಕಿಂತ ಹೆಚ್ಚುಕಡಿಮೆ ನೂರಕ್ಕೆ ಆರರಷ್ಟು ಮೇಲು. ತಾಮ್ರದ ತಂತಿಯನ್ನೇ ಅಷ್ಟು ದಪ್ಪ ಮಾಡಿದರೆ ಅದೇ ಫಲ ಸಿಗುತ್ತದೆ. ಎತ್ತರದ ಸ್ವರಗಳು ತಂತಿಯ ಮೇಲ್ಮೈಯಲ್ಲಷ್ಟೇ ಹರಿಯುತ್ತವೆ ಎಂಬ ವಾದವನ್ನೂ ಕೇಳಿರುತ್ತೀರಿ. ಮನುಷ್ಯನ ಶ್ರವಣದ ಮೇಲಿನ ಅಂಚಾದ 20,000 ಹರ್ಟ್ಸ್‌ನಲ್ಲಿ ವಿದ್ಯುತ್ತು ತಾಮ್ರದೊಳಕ್ಕೆ ಇಳಿಯುವ ಆಳ ಸುಮಾರು 0.47 ಮಿಲಿಮೀಟರ್. ಒಂದೂವರೆ ಎಂಎಂ ತಂತಿಯ ತ್ರಿಜ್ಯವೇ 0.7 ಮಿಲಿಮೀಟರ್. ರೋಧ ಏರುವುದು ಹೆಚ್ಚೆಂದರೆ ನೂರಕ್ಕೆ ಹತ್ತರಷ್ಟು. ಅದೂ 0.13 ಓಮ್‌ನ ಹತ್ತರಲ್ಲೊಂದು ಪಾಲು ಎಂಬುದನ್ನು ಮರೆಯಬೇಡಿ.

ಇಷ್ಟು ಬರೆದ ಮೇಲೆ ತಪ್ಪದೆ ಬರುವ ಮಾತೊಂದಿದೆ: "ಲೆಕ್ಕವೆಲ್ಲ ಸರಿ ಸರ್, ಆದರೆ ನಾನೇ ಕೇಬಲ್ ಬದಲಾಯಿಸಿ ನೋಡಿದ್ದೇನೆ. ವ್ಯತ್ಯಾಸ ನನ್ನ ಕಿವಿಗೇ ಕೇಳಿಸಿತು." ಈ ವಿಷಯದಲ್ಲಿ ಅತ್ಯಂತ ಹಟಮಾರಿ ನಂಬಿಕೆ ಇದು. ಹೀಗೆ ಹೇಳುವವರು ಸುಳ್ಳಾಡುತ್ತಿಲ್ಲ, ಅವರಿಗೆ ನಿಜವಾಗಿ ಏನೋ ಕೇಳಿಸಿದೆ. ಅದಕ್ಕೆ ಕೇಬಲ್ ಕಾರಣವೇ ಎಂಬುದಷ್ಟೇ ನನ್ನ ಪ್ರಶ್ನೆ.

ಕೇಬಲ್ ಬದಲಾಯಿಸುವಾಗ ಏನೇನು ನಡೆಯುತ್ತದೆ ಎಂದು ನಿಧಾನವಾಗಿ ನೋಡಿ. ಆಂಪ್ಲಿಫೈಯರ್ ಆರಿಸುತ್ತೀರಿ, ಹಿಂದಕ್ಕೆ ಬಗ್ಗಿ ಸ್ಕ್ರೂ ಸಡಿಲಿಸುತ್ತೀರಿ, ಹಳೆಯ ತಂತಿ ಬಿಚ್ಚಿ ಹೊಸದನ್ನು ಕಟ್ಟುತ್ತೀರಿ. ಐದು ನಿಮಿಷವಾದರೂ ಬೇಕು. ಧ್ವನಿಯ ಸೂಕ್ಷ್ಮ ವಿವರಗಳು ನೆನಪಿನಲ್ಲಿ ಉಳಿಯುವುದು ಕೆಲವೇ ಸೆಕೆಂಡು. ಮತ್ತೆ ಕುಳಿತಾಗ ತಲೆ ಮೊದಲಿದ್ದ ಜಾಗದಲ್ಲೇ ಇರುವುದಿಲ್ಲ. 3,000 ಹರ್ಟ್ಸ್‌ನ ಸ್ವರದ ತರಂಗದೂರ ಗಾಳಿಯಲ್ಲಿ ಸುಮಾರು 11 ಸೆಂಟಿಮೀಟರ್. ಒಂದು ಗೇಣು ಅತ್ತಿತ್ತ ಸರಿದರೂ ಗೋಡೆಯಿಂದ ಮರಳುವ ಸದ್ದು ನೇರ ಸದ್ದಿನೊಡನೆ ಬೆರೆಯುವ ಬಗೆ ಬದಲಾಗುತ್ತದೆ. ಯಾವ ಕೇಬಲ್ಲೂ ಮಾಡಲಾರದಷ್ಟು ದೊಡ್ಡ ಬದಲಾವಣೆ ಇದು. ವಾಲ್ಯೂಮ್ ಗುಂಡಿ ಕೂದಲೆಳೆಯಷ್ಟು ಮುಂದೆ ತಿರುಗಿದ್ದರೆ ಇನ್ನೊಂದು ಮೋಸವಾಗುತ್ತದೆ. ಅರ್ಧ ಡೆಸಿಬೆಲ್ ಹೆಚ್ಚಳವನ್ನು ಕಿವಿ ‘ಜೋರು’ ಎಂದು ಗುರುತಿಸುವುದಿಲ್ಲ. ‘ಸ್ಪಷ್ಟ’ ಎಂದು ಮೆಚ್ಚಿಕೊಂಡುಬಿಡುತ್ತದೆ.

ಎಲ್ಲಕ್ಕಿಂತ ದೊಡ್ಡ ಕಾರಣ ಗಮನ. ಹೊಸ ಕೇಬಲ್ ಹಾಕಿದ ಮೇಲೆ ನೀವು ಹುಡುಕುತ್ತಾ ಕೇಳುತ್ತೀರಿ. ಅದೇ ಕಛೇರಿಯ ಧ್ವನಿಮುದ್ರಣದಲ್ಲಿ ಮೊದಲ ಸಲ ಗಾಯಕರ ಹಿಂದೆ ತಂಬೂರಿ ಇದೆಯೆಂಬುದನ್ನೇ ಗಮನಿಸಿರುವುದಿಲ್ಲ, ಎರಡನೆಯ ಸಲ ಅದರ ಜೀವಾಳದ ಝೇಂಕಾರವೂ ಕೇಳಿಸುತ್ತದೆ. ತಂಬೂರಿ ಮೊದಲೂ ಅಲ್ಲೇ ಇತ್ತು. ಹಳೆಯ ತಂತಿಯಲ್ಲೇ ಎರಡು ಸಲ ಕೇಳಿದ್ದರೂ ಇದೇ ಆಗುತ್ತಿತ್ತು.

"ಕೇಬಲ್ ಪಳಗಲು ಇನ್ನೂರು ಗಂಟೆ ಬೇಕು, ಆಮೇಲೆ ನೋಡಿ" ಎನ್ನುವ ಮಾತು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಸ್ಪೀಕರ್ ತಂತಿಯಲ್ಲಿ ಹರಿಯುವಷ್ಟು ವಿದ್ಯುತ್ತಿನಿಂದ ತಾಮ್ರದ ಗುಣ ಬದಲಾಗುವುದಿಲ್ಲ. ಇನ್ನೂರು ಗಂಟೆಯಲ್ಲಿ ಪಳಗುವುದು ಕೇಳುವವರ ಕಿವಿ. ಅಷ್ಟರಲ್ಲಿ ಸರಕು ಹಿಂದಿರುಗಿಸುವ ಗಡುವೂ ಮುಗಿದಿರುತ್ತದೆ.

ಕೆಲವೊಮ್ಮೆ ವ್ಯತ್ಯಾಸ ನಿಜವಾಗಿಯೇ ಇರುತ್ತದೆ. ಹಳೆಯ ತಂತಿಯ ತುದಿ ಕಪ್ಪಗಾಗಿ, ಅರ್ಧ ಎಳೆಗಳು ಸ್ಕ್ರೂವಿನ ಹೊರಗೆ ಚಾಚಿಕೊಂಡಿದ್ದರೆ ಹೊಸ ತಂತಿ ಕಟ್ಟಿದಾಗ ಧ್ವನಿ ಸುಧಾರಿಸಲೇಬೇಕು. ಹಳೆಯದರ ತುದಿಯನ್ನು ಒಂದಿಂಚು ಕತ್ತರಿಸಿ, ಹೊಸದಾಗಿ ಸುಲಿದು, ಎಳೆಗಳನ್ನು ಬಿಗಿಯಾಗಿ ಹುರಿಮಾಡಿ ಸಿಕ್ಕಿಸಿದರೂ ಅದೇ ಸುಧಾರಣೆ ಪುಕ್ಕಟೆಯಾಗಿ ಸಿಗುತ್ತದೆ.

ಇನ್ನೂ ಅನುಮಾನವಿದ್ದರೆ ಪರೀಕ್ಷಿಸಿ. ಆಂಪ್ಲಿಫೈಯರ್ ಕಾಣದಂತೆ ಅದರ ಮುಂದೆ ಬಟ್ಟೆಯ ಪರದೆ ಕಟ್ಟಿ. ಸ್ನೇಹಿತರೊಬ್ಬರು ನಿಮಗೆ ಕಾಣದಂತೆ ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ಕೇಬಲ್ ಕಟ್ಟಲಿ. ಪ್ರತಿ ಸಲವೂ ಬಿಚ್ಚಿ ಕಟ್ಟುವ ಸದ್ದು ಒಂದೇ ತೆರನಾಗಿರಬೇಕು, ವಾಲ್ಯೂಮ್ ಗುಂಡಿಯನ್ನು ಮುಟ್ಟಬಾರದು, ಕಟ್ಟಿದವರು ನಿಮಗೆ ಮುಖ ತೋರಿಸದೆ ಆಚೆಗೆ ಹೋಗಬೇಕು. ಹೀಗೆ 16 ಸಲ ಮಾಡಿ. 12 ಅಥವಾ ಹೆಚ್ಚು ಸಲ ಸರಿಯಾಗಿ ಹೇಳಿದರೆ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಎಂಟೊಂಬತ್ತು ಸರಿಯಾದರೆ ನೀವೂ ನಾಣ್ಯ ಚಿಮ್ಮಿದಂತೆಯೇ ಲೆಕ್ಕ. 2007ರಲ್ಲಿ ಅಮೆರಿಕದ ಜಾದೂಗಾರ, ಪವಾಡಗಳ ಹುಸಿಯನ್ನು ಬಯಲಿಗೆಳೆಯುತ್ತಿದ್ದ ಜೇಮ್ಸ್ ರ‍್ಯಾಂಡಿ 7,250 ಡಾಲರ್ ಬೆಲೆಯ ಪೇರ್ ಆಂಜೂ ಸ್ಪೀಕರ್ ಕೇಬಲನ್ನು ಸಾಮಾನ್ಯ ಕೇಬಲ್‌ನಿಂದ ಹೀಗೆ ಕಾಣದೆ ಗುರುತಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಸವಾಲು ಹಾಕಿದರು. ಕೇಬಲ್ ತಯಾರಿಸಿದವರು ಹಿಂದೆ ಸರಿದರು, ಪರೀಕ್ಷೆ ನಡೆಯಲೇ ಇಲ್ಲ.

ಹಾಗೆಂದು ಸಿಕ್ಕಿದ ಅಗ್ಗದ ತಂತಿ ತರಬೇಡಿ. ನಿಜವಾದ ಮೋಸ ಇರುವುದು ಅಲ್ಲಿ. ಅಲ್ಯೂಮಿನಿಯಂ ಎಳೆಗೆ ತಾಮ್ರದ ತೆಳು ಹೊದಿಕೆ ಹಾಕಿ ಸ್ಪೀಕರ್ ತಂತಿಯೆಂದು ಮಾರುತ್ತಾರೆ. ಅದೇ ದಪ್ಪದ ತಾಮ್ರಕ್ಕಿಂತ ಇದರ ರೋಧ ಸುಮಾರು ಒಂದೂವರೆ ಪಟ್ಟು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಾಗಲಿ ಮೀಟರ್ ಲೆಕ್ಕದಲ್ಲಿ ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಮೇಲೆ ಕೆಂಪು, ಒಳಗೆ ಬಿಳಿ ಕಂಡರೆ ಬಿಟ್ಟುಬನ್ನಿ. ಮೇಲೆ ಬಿಳಿ, ಒಳಗೆ ಕೆಂಪು ಕಂಡರೆ ಅದು ತವರ ಲೇಪಿಸಿದ ತಾಮ್ರ, ನಿಶ್ಚಿಂತೆಯಿಂದ ಕೊಳ್ಳಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಸ್ಪೀಕರ್‌ನಲ್ಲಿ ಗುಂಯ್ ಎಂಬ ಸದ್ದು ಬರುತ್ತದೆಂದು ದುಬಾರಿ ಪವರ್ ಕೇಬಲ್ ಕೊಳ್ಳುವವರಿದ್ದಾರೆ. ಆ ಸದ್ದಿಗೆ ಬಹಳಷ್ಟು ಸಲ ಅರ್ತಿಂಗ್ ಸುತ್ತು ಕಾರಣ: ಆಂಪ್ಲಿಫೈಯರ್‌ಗೆ ಒಂದು ಕಡೆಯಿಂದ ಅರ್ತ್, ಅದಕ್ಕೆ ಜೋಡಿಸಿದ ಟೀವಿಗೆ ಛಾವಣಿಯ ಡಿಶ್ ತಂತಿಯ ಮೂಲಕ ಇನ್ನೊಂದು ಕಡೆಯಿಂದ ಅರ್ತ್. ಸೆಟ್‌ಟಾಪ್ ಬಾಕ್ಸ್‌ನ ಹಿಂದಿನ ಡಿಶ್ ತಂತಿ ಬಿಚ್ಚಿದಾಗ ಸದ್ದು ನಿಂತರೆ ಸಮಸ್ಯೆ ಅದೇ. ಎಲ್ಲ ಉಪಕರಣಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ ಟೀವಿಯಿಂದ ಆಂಪ್ಲಿಫೈಯರ್‌ಗೆ ಬರುವ ಆಡಿಯೊ ತಂತಿಗೆ ಐಸೊಲೇಟರ್ (ಎರಡರ ಅರ್ತನ್ನು ಬೇರ್ಪಡಿಸುವ ಸಾಧನ) ಹಾಕಿಸಿ. ಆದರೆ ಪ್ಲಗ್ಗಿನ ಮೂರನೆಯ ಪಿನ್ನನ್ನು ಮಾತ್ರ ಎಂದಿಗೂ ಮುರಿಯಬೇಡಿ. ಸದ್ದೇನೋ ನಿಲ್ಲಬಹುದು, ಆದರೆ ಒಳಗೆಲ್ಲಾದರೂ ಲೈವ್ ತಂತಿ ಲೋಹದ ಕವಚಕ್ಕೆ ತಗುಲಿದ ದಿನ ವಾಲ್ಯೂಮ್ ತಿರುಗಿಸಲು ಕೈ ಚಾಚಿದವರಿಗೆ ನೇರವಾಗಿ 230 ವೋಲ್ಟ್ ಹೊಡೆಯುತ್ತದೆ. ಈಗಾಗಲೇ ಪಿನ್ ಮುರಿದಿದ್ದರೆ ಇವತ್ತೇ ಪ್ಲಗ್ ಬದಲಾಯಿಸಿ.